ಪೊರೆಗೆ ಬಂದ ಪೊರೆ

ಮಂಗಳೂರಿನ ಗೃಹಿಣಿಯೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅರುವತ್ತು ಮನೆಗಳಿರುವ ಬಹುಮಹಡಿ ಕಟ್ಟಡದಲ್ಲಿ ಅವರ ವಾಸ. ಕಟ್ಟಡದ ನೆಲಮಾಳಿಗೆಯಲ್ಲಿ ಕೊಳೆನೀರನ್ನು ಶುದ್ಧಿಮಾಡುವ ಸ್ಥಾವರವೊಂದುಂಟು. ಎಲ್ಲರೂ ಅದನ್ನು ‘ಎಸ್.ಟಿ.ಪಿ.’ ಎಂದೇ ಕರೆಯುತ್ತಾರೆ. ಅದರಿಂದ ಬರುವ ತಿಳಿನೀರು ಶೌಚಗೃಹಗಳಿಗೂ ತೋಟದ ಗಿಡಗಳಿಗೂ ಸಾಕಾಗಿ ಮಿಗುತ್ತಿತ್ತಂತೆ. ಮೂರು ವರ್ಷ ತುಂಬುವ ಮೊದಲೇ ನೀರು ಅರ್ಧಕ್ಕಿಳಿದಿದೆ. ಯಂತ್ರ ನೋಡಿಕೊಳ್ಳುವಾತ ‘ಮೆಂಬ್ರೇನ್ ಹೋಯಿತು’ ಎನ್ನುತ್ತಾನೆ. ಹೊಸದರ ಬೆಲೆಯನ್ನು ಕೇಳಿದ ಮೇಲೆ ಸಂಘದ ಸಭೆಯಲ್ಲಿ ಎರಡು ಪಕ್ಷಗಳಾಗಿವೆ. ಹೇಗಾದರೂ ಹಣ ಕೂಡಿಸಿ ಹೊಸದನ್ನು ಹಾಕಿಸೋಣವೆಂದು ಒಂದು ಪಕ್ಷ. ಯಂತ್ರವನ್ನೇ ನಿಲ್ಲಿಸಿ ಕೊಳೆನೀರನ್ನು ಟ್ಯಾಂಕರಿನಲ್ಲಿ ಸಾಗಹಾಕೋಣವೆಂದು ಇನ್ನೊಂದು. “ಹೊಸ ಮೆಂಬ್ರೇನ್ ಹಾಕಿದರೆ ಎಲ್ಲ ಸರಿಯಾದೀತೆ?” ಎಂದು ಆಕೆ ಕೇಳುತ್ತಾರೆ.

ಸರಿಯಾದೀತು, ಕೆಲವು ತಿಂಗಳ ಮಟ್ಟಿಗೆ. ಹಳೆಯದು ಏಕೆ ಕೆಟ್ಟಿತೆಂಬುದನ್ನು ಅರಿಯದೆ ಹೊಸದನ್ನು ತೊಟ್ಟಿಗೆ ಇಳಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುವುದು. ಮೆಂಬ್ರೇನ್ ಎಂದರೆ ಪೊರೆ. ವಯಸ್ಸಾದವರ ಕಣ್ಣಿಗೆ ಪೊರೆ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಪೊರೆಗೇ ಪೊರೆ ಬಂದಿದೆ. ಅದು ಹೇಗೆ ಬರುವುದೆಂಬುದು ತಿಳಿದರೆ ಅರುವತ್ತು ಮನೆಗಳ ಹಣ ಉಳಿಯಬಹುದು.

ದಕ್ಷಿಣ ಕನ್ನಡದ ತಾಯಂದಿರಿಗೆ ಈ ವಿಷಯವನ್ನು ಹೊಸದಾಗಿ ಕಲಿಸಬೇಕಾದ್ದೇನೂ ಇಲ್ಲ. ಎಳೆಗೂಸಿಗೆ ರಾಗಿ ಮಣ್ಣಿ ಮಾಡುವಾಗ, ನೆನೆಸಿ ರುಬ್ಬಿದ ರಾಗಿಯನ್ನು ತೆಳುವಾದ ಬಟ್ಟೆಯಲ್ಲಿ ಸೋಸುವರಷ್ಟೆ. ಮೊದಲ ಲೋಟ ಸರಸರನೆ ಇಳಿಯುತ್ತದೆ. ಎರಡನೆಯದು ನಿಧಾನ. ಮೂರನೆಯದರ ಹೊತ್ತಿಗೆ ಬಟ್ಟೆಯ ಒಳಮೈಯಲ್ಲಿ ಹೊಟ್ಟು ಪದರಗಟ್ಟಿ, ಹಾಲು ತೊಟ್ಟು ತೊಟ್ಟಾಗಿ ಬೀಳತೊಡಗುತ್ತದೆ. ಅನುಭವವಿದ್ದವರು ಬಟ್ಟೆಯನ್ನು ಅಲುಗಿಸುತ್ತಾರೆ. ಬೆರಳಿನಿಂದ ಪದರವನ್ನು ಬದಿಗೆ ಸರಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಬಟ್ಟೆಯನ್ನು ಮಗುಚಿ ನೀರು ಹೊಯ್ಯುತ್ತಾರೆ. ಅವಸರದವರು ಹಿಂಡುತ್ತಾರೆ. ಹಿಂಡಿದ ಕ್ಷಣಕ್ಕೆ ಹಾಲು ಹೆಚ್ಚು ಬರುವುದು ನಿಜ; ಆದರೆ ಹೊಟ್ಟು ನೂಲಿನ ಸಂದುಗಳಲ್ಲಿ ಸಿಕ್ಕಿಕೊಂಡು, ಆ ಬಟ್ಟೆ ಮತ್ತೆ ಮೊದಲಿನಂತಾಗಬೇಕಾದರೆ ಸಾಬೂನು, ಬಿಸಿನೀರು, ಬಿಸಿಲು ಎಲ್ಲವೂ ಬೇಕು. ನೆಲಮಾಳಿಗೆಯ ತೊಟ್ಟಿಯಲ್ಲಿ ನಡೆಯುವುದೂ ಇಷ್ಟೇ. ಕಟ್ಟಿಕೊಳ್ಳುವುದು ಪೊರೆಯ ದೋಷವಲ್ಲ, ಸೋಸುವ ಕ್ರಿಯೆಯ ಸಹಜ ಗುಣ. ಯಾವುದನ್ನು ತಡೆಯಬೇಕೆಂದು ಪೊರೆಯನ್ನು ಇಟ್ಟೆವೋ ಅದು ತಡೆದಲ್ಲಿಯೇ ಕುಳಿತುಕೊಳ್ಳುವುದು.

ಈ ಪೊರೆಯ ರೂಪ ಹೇಗಿರುವುದೆಂದು ಕಾಣದವರಿಗಾಗಿ ಹೇಳಬೇಕು. ಅದು ಹಾಳೆಯಂತಿಲ್ಲ, ಒಣಗಿದ ಸೇಮಿಗೆಯ ಎಳೆಯಂತಿದೆ, ಆದರೆ ಒಳಗೆ ಟೊಳ್ಳು. ಎಳೆಯ ದಪ್ಪ ಸುಮಾರು ಎರಡು ಮಿಲಿಮೀಟರ್. ಉದ್ದ ಒಂದೆರಡು ಮೀಟರ್. ಗೋಡೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಒಂದು ಮೈಕ್ರಾನ್ ಗಾತ್ರದ್ದು. ಈ ರಂಧ್ರಗಳಾದರೋ ೦.೦೪ರಿಂದ ೦.೪ ಮೈಕ್ರಾನಿನವು. ಸಾವಿರಾರು ಎಳೆಗಳನ್ನು ಕಂತೆ ಕಟ್ಟಿ, ಚೌಕಟ್ಟಿಗೆ ಬಿಗಿದು, ಕೊಳೆನೀರಿನಲ್ಲಿಯೇ ಮುಳುಗಿಸಿಡುವರು. ಎಳೆಗಳ ತುದಿಗೆ ಜೋಡಿಸಿದ ಪಂಪು ಮೆಲ್ಲನೆ ಹೀರುತ್ತದೆ. ನೀರು ಹೊರಗಿನಿಂದ ಗೋಡೆಯನ್ನು ದಾಟಿ ಟೊಳ್ಳಿಗೆ ಬರುವುದು. ಕೊಳೆಯೂ ಬ್ಯಾಕ್ಟೀರಿಯಾಗಳೂ ಹೊರಗೇ ಉಳಿಯುವುವು.

ತೊಟ್ಟಿಯೊಳಗಣ ಕೊಳೆನೀರಿಗೆ ಗಾಳಿಯೂದಿ, ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳನ್ನು ಸಾಕುವ ವಿದ್ಯೆ ಇದಕ್ಕಿಂತ ಹಳೆಯದು. ೧೯೧೪ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಅದನ್ನು ಲೋಕಕ್ಕೆ ತಿಳಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞರು ೧೯೧೬ರಲ್ಲಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಪ್ರಾಧ್ಯಾಪಕರಾಗಿ ಬಂದರೆಂಬುದು ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದು. ಅವರ ಪದ್ಧತಿಯಲ್ಲಿ ಬ್ಯಾಕ್ಟೀರಿಯಾಗಳ ಕೆಸರು ತಾನಾಗಿ ತಳಕ್ಕೆ ಇಳಿಯಲೆಂದು ದೊಡ್ಡದೊಂದು ತೊಟ್ಟಿ ಬೇಕಾಗಿತ್ತು. ೧೯೮೯ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಕಜುವೊ ಯಮಾಮೊಟೊ ಮತ್ತು ಸಂಗಡಿಗರು ಆ ತೊಟ್ಟಿಯನ್ನು ಬಿಟ್ಟು, ಟೊಳ್ಳೆಳೆಗಳ ಕಂತೆಯನ್ನು ಗಾಳಿಯೂದುವ ತೊಟ್ಟಿಯಲ್ಲಿಯೇ ಮುಳುಗಿಸಿ ನೀರನ್ನು ಹೀರಿ ತೋರಿಸಿದರು. ಅಲ್ಪ ಬಲದಿಂದ, ನಡುನಡುವೆ ಬಿಡುವು ಕೊಟ್ಟು ಹೀರಬೇಕೆಂಬುದನ್ನು ಅವರು ಆಗಲೇ ಕಂಡುಕೊಂಡಿದ್ದರು. ಮೂವತ್ತೈದು ವರ್ಷಗಳಿಗೂ ಹಿಂದೆ ಹೇಳಿದ ಈ ಮಾತನ್ನು ನಮ್ಮ ನೆಲಮಾಳಿಗೆಗಳು ಇನ್ನೂ ಕೇಳಿಸಿಕೊಂಡಿಲ್ಲ.

ಪೊರೆಯ ಮೇಲೆ ಕೂಡುವುದು ಬರಿಯ ಕೆಸರಲ್ಲ. ಕೆಸರಾಗಿದ್ದರೆ ಗಾಳಿಗೆ ಉದುರಿ ಹೋಗುತ್ತಿತ್ತು. ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಬಟ್ಟೆಯಲ್ಲಿ ಸೋಸಲು ಹೋದವರಿಗೆ ಗೊತ್ತು: ಕಾಣುವ ಕಣ ಒಂದೂ ಇಲ್ಲದಿದ್ದರೂ ಬಟ್ಟೆ ಲೋಳೆಯಿಂದ ಮುಚ್ಚಿಹೋಗುತ್ತದೆ. ತೊಟ್ಟಿಯ ಬ್ಯಾಕ್ಟೀರಿಯಾಗಳೂ ಇಂಥ ಒಂದು ಲೋಳೆಯನ್ನು ಸ್ರವಿಸುತ್ತವೆ. ಸಕ್ಕರೆಯ ಸರಪಣಿಗಳೂ ಪ್ರೋಟೀನುಗಳೂ ಕೂಡಿದ ಅಂಟು ಅದು. ಹೊಟ್ಟೆ ತುಂಬಿ ನೆಮ್ಮದಿಯಿಂದಿರುವ ಬ್ಯಾಕ್ಟೀರಿಯಾಗಳಿಗಿಂತ, ಇದ್ದಕ್ಕಿದ್ದಂತೆ ಉಪವಾಸ ಬಿದ್ದವು, ಇದ್ದಕ್ಕಿದ್ದಂತೆ ಅತಿಯಾಗಿ ಉಂಡವು, ಫಿನೈಲಿನಂಥ ವಿಷ ತಗುಲಿದವು ನೀರಿಗೆ ಹೆಚ್ಚು ಲೋಳೆಯನ್ನು ಬಿಡುವುವು. ಆ ಲೋಳೆ ರಂಧ್ರಗಳ ಬಾಯಿಗೆ ಅಂಟಿಕೊಂಡ ಮೇಲೆ ಕೆಸರು ಅದರ ಮೇಲೆ ಬಂದು ಕೂಡುವುದು. ಕ್ರಮೇಣ ಬ್ಯಾಕ್ಟೀರಿಯಾಗಳೇ ಅಲ್ಲಿ ಬೀಡು ಬಿಡುವುವು. ಗಾಳಿಯಿಂದ ಹೋಗುವ ಪದರವೊಂದು, ಔಷಧದಿಂದ ಮಾತ್ರ ಹೋಗುವ ಪದರವೊಂದು. ಇವೆರಡೂ ಹೋದ ಮೇಲೆಯೂ ವರ್ಷದಿಂದ ವರ್ಷಕ್ಕೆ ರಂಧ್ರಗಳೊಳಗೆ ಅಷ್ಟಿಷ್ಟು ಉಳಿದೇ ಉಳಿಯುವುದು. ಈ ಕೊನೆಯದೇ ಪೊರೆಯ ನಿಜವಾದ ಮುಪ್ಪು. ಮೂರು ವರ್ಷಕ್ಕೆ ಅದು ಬರಬಾರದು. ಚೆನ್ನಾಗಿ ನೋಡಿಕೊಂಡ ಪೊರೆಗಳು ಏಳೆಂಟು ವರ್ಷ, ಹತ್ತು ವರ್ಷ ನಡೆದದ್ದುಂಟು.

ಇನ್ನು ಹಿಂಡುವ ಮಾತು. ೧೯೯೫ರಲ್ಲಿ ಬ್ರಿಟನ್ನಿನ ರಾಬರ್ಟ್ ಫೀಲ್ಡ್ ಮತ್ತು ಸಂಗಡಿಗರು ಒಂದು ಮುಖ್ಯವಾದ ವಿಚಾರವನ್ನು ಮುಂದಿಟ್ಟರು. ಪ್ರತಿಯೊಂದು ಪೊರೆಗೂ, ಪ್ರತಿಯೊಂದು ಬಗೆಯ ಕೊಳೆನೀರಿಗೂ ಒಂದು ಮಿತಿಯ ವೇಗವುಂಟು. ಅದಕ್ಕಿಂತ ಮೆಲ್ಲಗೆ ಹೀರಿದರೆ ಪೊರೆ ಬಹುಕಾಲ ಹಾಗೆಯೇ ಇರುವುದು. ಮಿತಿಯನ್ನು ಮೀರಿದೊಡನೆ ಕಟ್ಟಿಕೊಳ್ಳುವಿಕೆ ಶೀಘ್ರವಾಗಿ ಬೆಳೆಯುವುದು. ಮನೆಗಳ ಕೊಳೆನೀರಿನಲ್ಲಿ ಒಂದು ಚದರ ಮೀಟರ್ ಪೊರೆಯಿಂದ ಗಂಟೆಗೆ ೧೫ರಿಂದ ೨೫ ಲೀಟರ್ ತೆಗೆಯುವುದು ವಾಡಿಕೆ.

ಒಂದು ಲೆಕ್ಕ ಹಾಕಿ ನೋಡೋಣ. ಅರುವತ್ತು ಮನೆ, ಮನೆಗೆ ನಾಲ್ವರು, ತಲೆಗೆ ದಿನಕ್ಕೆ ೧೦೦ ಲೀಟರ್. ಒಟ್ಟು ೨೪,೦೦೦ ಲೀಟರ್. ಗಂಟೆಗೆ ೨೦ ಲೀಟರಿನಂತೆ ದಿನಕ್ಕೆ ೨೦ ಗಂಟೆ ನಡೆಸಿದರೆ ಚದರ ಮೀಟರೊಂದರಿಂದ ೪೦೦ ಲೀಟರ್. ಅಂದರೆ ೬೦ ಚದರ ಮೀಟರ್ ಪೊರೆ ಬೇಕು. ಒಂದು ಮೀಟರ್ ಉದ್ದದ ಎಳೆಗಳಾದರೆ ಹತ್ತು ಸಾವಿರಕ್ಕೆ ಸಮೀಪ. ಪೊರೆಯನ್ನು ಮಾರುವುದು ಚದರ ಮೀಟರಿನ ಲೆಕ್ಕದಲ್ಲಿ. ಕಟ್ಟಡ ಕಟ್ಟಿದವರು ೬೦ರ ಬದಲು ೩೦ ಹಾಕಿ ಹೋಗಿದ್ದರೆ, ಆ ಪೊರೆ ಮೊದಲ ದಿನದಿಂದಲೇ ಗಂಟೆಗೆ ೪೦ ಲೀಟರ್ ಹಿಂಡಿಸಿಕೊಳ್ಳುತ್ತಿದೆ. ಪತ್ರ ಬರೆದ ಗೃಹಿಣಿ ಸಂಘದ ಕಾಗದಪತ್ರಗಳನ್ನು ತೆಗೆಸಿ ಮೊದಲು ನೋಡಬೇಕಾದ್ದು ಇದೊಂದು ಅಂಕಿಯನ್ನು. ಉಳಿದ ಚರ್ಚೆಯೆಲ್ಲ ಆಮೇಲೆ.

ಟೊಳ್ಳೆಳೆಗೆ ತನ್ನದೇ ಆದ ಇನ್ನೊಂದು ಕಷ್ಟವುಂಟು. ಎಳನೀರು ಕುಡಿಯುವ ಕೊಳವೆಗೆ ಉದ್ದಕ್ಕೂ ತೂತುಗಳನ್ನು ಮಾಡಿ ಹೀರಿದರೆ, ಬಾಯಿಗೆ ಹತ್ತಿರದ ತೂತುಗಳಿಂದಲೇ ಹೆಚ್ಚು ಬರುವುದಲ್ಲವೆ? ಎಳೆಯಲ್ಲಿಯೂ ಹಾಗೆಯೇ. ಪಂಪಿಗೆ ಹತ್ತಿರದ ತುದಿ ಹೆಚ್ಚು ಹೀರುತ್ತದೆ, ಆದ್ದರಿಂದ ಮೊದಲು ಕಟ್ಟಿಕೊಳ್ಳುತ್ತದೆ. ಆಗ ಹೊರೆ ಅದರ ಮುಂದಿನ ಭಾಗಕ್ಕೆ ಸರಿಯುತ್ತದೆ. ಅದೂ ಕಟ್ಟಿಕೊಂಡರೆ ಇನ್ನೂ ಮುಂದಕ್ಕೆ. ಹೀಗೆ ವಾರಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ. ನೀರು ಎಂದಿನಂತೆಯೇ ಬರುತ್ತಿರುತ್ತದೆ. ಆರೋಗ್ಯವಾಗಿರುವ ಭಾಗ ಕಿರಿದಾಗುತ್ತಾ ಬಂದು ಒಂದು ದಿನ ಮಿತಿಯನ್ನು ದಾಟಿದಾಗ, ಪಂಪಿನ ಹೀರುವ ಒತ್ತಡ ಥಟ್ಟನೆ ಏರಿಬಿಡುವುದು. ‘ನಿನ್ನೆಯವರೆಗೂ ಸರಿಯಿತ್ತು’ ಎಂದು ನೋಡಿಕೊಳ್ಳುವಾತ ಹೇಳಿದರೆ ಅವನು ಸುಳ್ಳು ಹೇಳುತ್ತಿದ್ದಾನೆಂದು ತಿಳಿಯಬಾರದು. ಅವನಿಗೆ ಕಂಡದ್ದು ಅಷ್ಟೇ. ಮುಂಚಿತವಾಗಿ ಹೇಳಬಲ್ಲದ್ದು ಒತ್ತಡದ ಮಾಪಕ ಒಂದೇ. ಹೊಸ ಪೊರೆಯಲ್ಲಿ ಅದು ೦.೧ ಬಾರ್ ಆಸುಪಾಸು, ಅಂದರೆ ಒಂದು ಮೀಟರ್ ಎತ್ತರದ ನೀರಿನ ಭಾರದಷ್ಟು, ತೋರಿಸುವುದು. ೦.೩ನ್ನು ಮುಟ್ಟಿತೆಂದರೆ ತೊಳೆಯುವ ಕಾಲ ಬಂದಿತೆಂದು ಅರ್ಥ. ದಿನಕ್ಕೊಂದು ಸಲ ಈ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡುವ ಕಟ್ಟಡಗಳು ಎಷ್ಟಿವೆ? ಮಾಪಕದ ಗಾಜು ಒಡೆದು ವರ್ಷವಾದರೂ ಕೇಳುವವರಿಲ್ಲದ ಕಡೆ ಪೊರೆಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಬಟ್ಟೆಯನ್ನು ಅಲುಗಿಸುವ ಕೆಲಸವನ್ನು ಇಲ್ಲಿ ಗಾಳಿ ಮಾಡುವುದು. ಎಳೆಗಳ ಬುಡದಿಂದ ಗುಳ್ಳೆಗಳು ಏಳುತ್ತಾ ಎಳೆಗಳನ್ನು ಅಲ್ಲಾಡಿಸಿ ಮೈಯುಜ್ಜುತ್ತವೆ. ಎಂಟೊಂಬತ್ತು ನಿಮಿಷ ಹೀರಿ ಒಂದು ನಿಮಿಷ ಬಿಡುವು ಕೊಟ್ಟರೆ, ಆ ಬಿಡುವಿನಲ್ಲಿ ಗಾಳಿಯ ಉಜ್ಜುವಿಕೆಗೆ ಪದರ ಸಡಿಲಾಗುತ್ತದೆ. ಈ ಗಾಳಿಯ ಯಂತ್ರಕ್ಕೆ, ಎಂದರೆ ಬ್ಲೋವರಿಗೆ, ವಿದ್ಯುತ್ತು ಬಹಳ ಬೇಕು. ತಿಂಗಳ ಬಿಲ್ಲನ್ನು ಕಂಡ ಕೋಶಾಧಿಕಾರಿಗಳು ‘ರಾತ್ರಿ ಏಕೆ ಗಾಳಿ?’ ಎಂದು ನಿಲ್ಲಿಸುವುದುಂಟು. ಹೀರುವುದನ್ನೂ ಜೊತೆಗೇ ನಿಲ್ಲಿಸಿದರೆ ಪೊರೆಗೆ ಅಷ್ಟು ಅಪಾಯವಿಲ್ಲ, ಬ್ಯಾಕ್ಟೀರಿಯಾಗಳಿಗೆ ಮಾತ್ರ ಉಸಿರು ಕಟ್ಟುವುದು. ಗಾಳಿಯನ್ನು ನಿಲ್ಲಿಸಿ ಹೀರುವುದನ್ನು ಮುಂದುವರಿಸಿದರೋ, ಒಂದು ರಾತ್ರಿಯಲ್ಲಿ ಕೂಡಿದ್ದನ್ನು ಬಿಡಿಸಲು ವಾರ ಸಾಲದು.

ಇದಕ್ಕಿಂತಲೂ ಕೆಟ್ಟ ಶತ್ರು ತಲೆಗೂದಲು. ಅರುವತ್ತು ಸ್ನಾನಗೃಹಗಳಿಂದ ಇಳಿದ ಕೂದಲು ಅಲ್ಲಾಡುವ ಎಳೆಗಳ ನಡುವೆ ಸೇರಿ, ಗಾಳಿಯ ಹೊಡೆತಕ್ಕೆ ಸುತ್ತಿಕೊಂಡು, ಬಟ್ಟೆಯ ನೂಲನ್ನೂ ಹತ್ತಿಯ ಚೂರನ್ನೂ ಕೂಡಿಸಿಕೊಂಡು ಜಡೆ ಹೆಣೆಯುತ್ತದೆ. ಜಡೆಗಟ್ಟಿದ ಎಳೆಗಳು ಅಲ್ಲಾಡಲಾರವು. ಅವುಗಳ ನಡುವೆ ಕೆಸರು ಗಟ್ಟಿಯಾಗಿ ಕೂಡುವುದು. ಅದನ್ನು ಯಾವ ಔಷಧವೂ ಕರಗಿಸದು, ಕೈಯಿಂದಲೇ ಬಿಡಿಸಬೇಕು. ಬಿಡಿಸುವಾಗ ಎಳೆಗಳು ಹರಿಯುವುವು. ಆದ್ದರಿಂದ ಟೊಳ್ಳೆಳೆಯ ತೊಟ್ಟಿಗೆ ನೀರು ಹೋಗುವ ಮೊದಲು ಒಂದೆರಡು ಮಿಲಿಮೀಟರ್ ಕಂಡಿಯ ಜರಡಿ ಇರಲೇಬೇಕು. ಅದು ದಿನವೂ ಕಟ್ಟಿಕೊಳ್ಳುವುದು, ನಾರುವುದು, ತೊಳೆಯುವುದು ಯಾರಿಗೂ ಬೇಡದ ಕೆಲಸ. ಕೊನೆಗೆ ಯಾರೋ ಅದನ್ನು ಎತ್ತಿ ಬದಿಗಿಡುತ್ತಾರೆ. ನೀರಿನ ಕೊರತೆ ಅಲ್ಲಿಂದ ಪ್ರಾರಂಭ.

ಬಂಗುಡೆ ಹುರಿದ ಎಣ್ಣೆ, ತೆಂಗಿನೆಣ್ಣೆಯ ಜಿಡ್ಡು ಇವೂ ಪೊರೆಗೆ ಒಗ್ಗವು. ಪೊರೆಯನ್ನು ಮಾಡುವ ಪ್ಲಾಸ್ಟಿಕ್ಕಿಗೆ ನೀರಿಗಿಂತ ಎಣ್ಣೆಯ ಮೇಲೆ ಒಲವು ಹೆಚ್ಚು. ತೊಟ್ಟಿಯಲ್ಲಿ ನೊರೆ ಬಂದಿತೆಂದು ಸಿಲಿಕೋನಿನ ನೊರೆನಾಶಕವನ್ನು ಸುರಿಯುವುದು ಇನ್ನೂ ಕೆಟ್ಟದ್ದು.

ಮಂಗಳೂರಿನ ಹವೆ ಈ ವಿಷಯದಲ್ಲಿ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುತ್ತದೆ. ೩೦ ಡಿಗ್ರಿಯ ನೀರು ೨೦ ಡಿಗ್ರಿಯ ನೀರಿಗಿಂತ ಐದರಲ್ಲೊಂದು ಪಾಲು ತೆಳು. ಅಷ್ಟು ಸುಲಭವಾಗಿ ಪೊರೆಯನ್ನು ದಾಟುವುದು. ಬೆಂಗಳೂರಿನ ಮಾಗಿಯ ಕಷ್ಟ ಇಲ್ಲಿಲ್ಲ. ಆದರೆ ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ, ತಾರಸಿಯ ಕೊಳವೆಯನ್ನು ಯಾರಾದರೂ ಕೊಳೆನೀರಿನ ಗುಂಡಿಗೆ ಜೋಡಿಸಿದ್ದರೆ, ಆಷಾಢದ ಒಂದೇ ಹಗಲಿನಲ್ಲಿ ಸ್ಥಾವರಕ್ಕೆ ದುಪ್ಪಟ್ಟು ನೀರು ನುಗ್ಗುವುದು; ಗುಂಡಿ ಉಕ್ಕದಿರಲೆಂದು ಪಂಪನ್ನು ಜೋರಾಗಿ ಓಡಿಸುವರು; ಮಿತಿ ಮೀರುವುದು. ಮುರಕಲ್ಲಿನ ನೆಲದ ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣವಿದ್ದರೆ ಅದೂ ಕೆಂಪು ಲೇಪವಾಗಿ ಎಳೆಯ ಮೇಲೆ ಕೂಡುವುದು. ಇನ್ನೊಂದು ಸಂಗತಿ ನಮ್ಮ ಕರಾವಳಿಗೇ ವಿಶೇಷವಾದದ್ದು. ಇಲ್ಲಿಯ ಎಷ್ಟೋ ಮನೆಗಳ ಯಜಮಾನರು ಗಲ್ಫ್ ದೇಶಗಳಲ್ಲಿದ್ದಾರೆ. ವರ್ಷದ ಬಹುಭಾಗ ಬೀಗ ಹಾಕಿದ ಮನೆಗಳು ರಜೆ ಬಂದೊಡನೆ ನೆಂಟರಿಷ್ಟರಿಂದ ತುಂಬುತ್ತವೆ. ತೊಟ್ಟಿಯ ಬ್ಯಾಕ್ಟೀರಿಯಾಗಳಿಗೆ ತಿಂಗಳುಗಟ್ಟಲೆ ಏಕಾದಶಿ, ಆಮೇಲೆ ಹದಿನೈದು ದಿನ ಮದುವೆಯೂಟ. ಲೋಳೆ ಹೆಚ್ಚಲು ಇದಕ್ಕಿಂತ ಬೇರೆ ಕಾರಣ ಬೇಡ.

ಹಾಗಾದರೆ ಆ ಅರುವತ್ತು ಮನೆಯವರು ಮಾಡಬೇಕಾದ್ದೇನು? ಹೊಸದಕ್ಕೆ ಹಣ ಕೊಡುವ ಮೊದಲು ಹಳೆಯದನ್ನು ಒಮ್ಮೆ ಸರಿಯಾಗಿ ತೊಳೆಸಿ ನೋಡಬೇಕು. ಚೌಕಟ್ಟನ್ನು ರಾಟೆಯಿಂದ ಮೇಲೆತ್ತಿ, ಜಡೆಗಳನ್ನು ಬಿಡಿಸಿ, ಮೆಲ್ಲನೆಯ ನೀರಿನಿಂದ ತೊಳೆದು—ಬ್ರಷ್ ಹಾಕಕೂಡದು—ತಯಾರಕರು ಹೇಳಿದ ಪ್ರಮಾಣದ ಬ್ಲೀಚಿನ ದ್ರಾವಣದಲ್ಲಿ ಹಲವು ಗಂಟೆ ನೆನೆಸಿಡಬೇಕು. ಲೋಳೆಯೂ ಬ್ಯಾಕ್ಟೀರಿಯಾಗಳೂ ಅದಕ್ಕೆ ಕರಗುವುವು. ಕಬ್ಬಿಣ, ಸುಣ್ಣಗಳ ಲೇಪ ಬ್ಲೀಚಿಗೆ ಬಗ್ಗುವುದಿಲ್ಲ. ಅದಕ್ಕೆ ಸಿಟ್ರಿಕ್ ಆಮ್ಲ, ಎಂದರೆ ನಿಂಬೆಹುಳಿಯ ಸತ್ತ್ವ, ಬೇಕು. ಬ್ಲೀಚು ಮತ್ತು ಆಮ್ಲ ಎಂದಿಗೂ ಒಂದುಗೂಡಕೂಡದು; ಕೂಡಿದರೆ ಏಳುವುದು ಕ್ಲೋರಿನ್ ಎಂಬ ವಿಷಾನಿಲ. ಒಂದನ್ನು ಪೂರ್ತಿ ತೊಳೆದ ಮೇಲೆಯೇ ಇನ್ನೊಂದು. ತೊಳೆದು ಇಳಿಸಿದ ಮೇಲೆ ಒತ್ತಡ ತಗ್ಗಿ ನೀರು ಮರಳಿದರೆ ಪೊರೆ ಇನ್ನೂ ಬದುಕಿದೆ. ಮರಳದಿದ್ದರೆ, ಅಥವಾ ಸೋಸಿದ ನೀರೇ ಮಬ್ಬಾಗಿ ಬರುತ್ತಿದ್ದರೆ—ಅದು ಎಳೆ ಹರಿದುದರ ಗುರುತು—ಆಗ ಹೊಸದರ ಮಾತು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಚೌಕಟ್ಟನ್ನು ಎತ್ತುವ ಅನುಕೂಲವಿಲ್ಲವೆಂದು ಆಳನ್ನು ತೊಟ್ಟಿಗೆ ಇಳಿಸಬಾರದು. ಗಾಳಿ ನಿಂತ ಕೊಳೆನೀರಿನಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್ ಎರಡು ಉಸಿರಿನಲ್ಲಿ ಮನುಷ್ಯನನ್ನು ಕೆಡವಬಲ್ಲದು. ಎತ್ತಲು ಇಳಿದವನೂ ಅಲ್ಲಿಯೇ ಉಳಿದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಚರಂಡಿ ಮತ್ತು ಮಲದ ಗುಂಡಿಗಳಿಗೆ ಹೀಗೆ ಅಪಾಯಕರವಾಗಿ ಮನುಷ್ಯರನ್ನು ಇಳಿಸುವುದನ್ನು ೨೦೧೩ರ ಕಾಯಿದೆ ನಿಷೇಧಿಸಿದೆ. ರಾಟೆ ಇಲ್ಲದಿದ್ದರೆ ಮೊದಲು ರಾಟೆ ಹಾಕಿಸಲಿ; ಪೊರೆ ಆಮೇಲಾಗಲಿ.

ಯಂತ್ರವನ್ನೇ ನಿಲ್ಲಿಸೋಣವೆನ್ನುವ ಪಕ್ಷದವರಿಗೆ ಹಿಂದಿನ ಕೆಲವು ಬೇಸಗೆಗಳನ್ನು ನೆನಪಿಸಬೇಕು. ೨೦೧೬ರಲ್ಲಿ ನೇತ್ರಾವತಿ ಬತ್ತಿ, ನಗರದಲ್ಲಿ ನೀರಿಗೆ ಹಾಹಾಕಾರವೆದ್ದಾಗ, ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣಾಗಾರ ತನ್ನ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ೨೦೧೯ರಲ್ಲಿಯೂ ೨೦೨೩ರಲ್ಲಿಯೂ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ಮಟ್ಟ ಇಳಿದು ಸರದಿಯ ಮೇಲೆ ನೀರು ಬಿಟ್ಟದ್ದನ್ನು ಯಾರೂ ಮರೆತಿರಲಾರರು. ಎಂ.ಆರ್.ಪಿ.ಎಲ್. ಈಗ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರವನ್ನು ಕಟ್ಟಿಕೊಂಡಿದೆ. ೨೦೨೨ರ ಸೆಪ್ಟೆಂಬರ್ ೨ರಂದು ಉದ್ಘಾಟನೆಯಾದ ಅದರ ಶಕ್ತಿ ದಿನಕ್ಕೆ ೩ ಕೋಟಿ ಲೀಟರ್, ವೆಚ್ಚ ಸುಮಾರು ೬೮೦ ಕೋಟಿ ರೂಪಾಯಿ. ಅರುವತ್ತು ಮನೆಯವರಿಗೆ ಸಮುದ್ರ ಎಟಕುವುದಿಲ್ಲ. ತಾವು ಬಳಸಿ ಚೆಲ್ಲಿದ ೨೪,೦೦೦ ಲೀಟರ್ ಕಾಲಕೆಳಗೇ ಇದೆ.

ಸುರತ್ಕಲ್ಲಿನಲ್ಲಿ ೧೯೬೦ರಲ್ಲಿ ಪ್ರಾರಂಭವಾಗಿ, ಬಹುಕಾಲ ಕೆ.ಆರ್.ಇ.ಸಿ. ಎಂದೇ ಮನೆಮಾತಾಗಿದ್ದು, ಈಗ ಎನ್.ಐ.ಟಿ.ಕೆ. ಆಗಿರುವ ವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಅರುಣ್ ಇಸ್ಲೂರ್ ಮತ್ತು ಅವರ ಶಿಷ್ಯರು ಇಂಥ ಟೊಳ್ಳೆಳೆಗಳನ್ನು ತಾವೇ ತಯಾರಿಸಿ ಪರೀಕ್ಷಿಸಿದ್ದಾರೆ. ಕರಗಿಸಿದ ಪ್ಲಾಸ್ಟಿಕ್ಕನ್ನು ಸೇಮಿಗೆಯಂತೆ ಸಣ್ಣ ಬಾಯಿಯಿಂದ ನೀರಿಗೆ ಒತ್ತುವುದು; ನಡುವೆ ಟೊಳ್ಳಾಗಲೆಂದು ಒಳಗಿನಿಂದ ಒಂದು ದ್ರವವನ್ನು ಹರಿಸುವುದು. ನೀರನ್ನು ಒಲಿಯುವ ವಸ್ತುಗಳನ್ನು ಆ ಪ್ಲಾಸ್ಟಿಕ್ಕಿಗೆ ಬೆರೆಸಿದರೆ ಎಳೆಯ ಮೈಗೆ ನೀರಿನ ತೆಳುಪದರವೊಂದು ಅಂಟಿ, ಜಿಡ್ಡೂ ಪ್ರೋಟೀನೂ ಸುಲಭವಾಗಿ ಹತ್ತಲಾರವು. ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ದನದ ರಕ್ತದಿಂದ ತೆಗೆದ ಶುದ್ಧ ಪ್ರೋಟೀನೊಂದನ್ನು ನೀರಿನಲ್ಲಿ ಕಲಸಿ, ಕೆಲವು ಗಂಟೆಗಳ ಕಾಲ ಸೋಸಿ, ತೊಳೆದು, ಮೊದಲಿನ ವೇಗ ಎಷ್ಟರಮಟ್ಟಿಗೆ ಮರಳಿತೆಂದು ಅಳೆಯುವರು. ಆ ಪಾತ್ರೆಯಲ್ಲಿ ತಲೆಗೂದಲು ಇರುವುದಿಲ್ಲ. ಗಂಜಿಯ ತಿಳಿಯಾಗಲಿ ಬಂಗುಡೆಯ ಎಣ್ಣೆಯಾಗಲಿ ಇರುವುದಿಲ್ಲ.

ಕೊಳವೆಬಾವಿಯ ನೀರಿನಿಂದ ಬಕೆಟ್ಟುಗಳಲ್ಲಿ ಉಳಿಯುವ ಕೆಂಪು ಕಲೆಯ ವಿಚಾರವಾಗಿ ಕೇಳಿದವರಿಗೆ ಉತ್ತರ ಮುಂದಿನ ವಾರ.